ಆಯ್ಕೆ ಯಾರ ಕೈಯಲ್ಲಿ? ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಿಂದ ಒಂದು ಹಳೆಯ ಪ್ರಶ್ನೆ

ಚಳ್ಳಕೆರೆ ಸೀಮೆಯಲ್ಲಿ ಮಳೆಯನ್ನೇ ನಂಬಿದ ರೈತನಿಗೆ ಪ್ರತಿ ಮುಂಗಾರಿನಲ್ಲೂ ಒಂದು ತೀರ್ಮಾನ ಕಾದಿರುತ್ತದೆ. ಆರಿದ್ರ ಮಳೆ ಒಂದು ಹದ ಬಿದ್ದ ಕೂಡಲೇ ಶೇಂಗಾ ಬಿತ್ತಬೇಕೋ, ಪುನರ್ವಸು ಬರಲಿ ಅಂತ ಕಾಯಬೇಕೋ, ಶೇಂಗಾ ಸಹವಾಸವೇ ಸಾಕು ಅಂತ ತೊಗರಿ, ಸಜ್ಜೆ, ನವಣೆಗೆ ಹೊರಳಬೇಕೋ? ವರ್ಷದ ಸರಾಸರಿ ಮಳೆ 500 ಮಿ.ಮೀ. ಮುಟ್ಟುವುದೂ ಕಷ್ಟವಿರುವ ಈ ಕೆಂಪು ನೆಲದಲ್ಲಿ ಬಹಳ ಜನ ಕೊನೆಗೆ ಬಿತ್ತುವುದು ಶೇಂಗಾವನ್ನೇ. ಬೆಳೆ ಬಂದರೆ ಬಂತು. ಒಣಗಿದರೆ, ಹಣೇಲಿ ಬರ್ದಿದ್ದು ಎಂಬ ಮಾತು ಅರಳಿಕಟ್ಟೆಯ ಮೇಲೆ ಕೇಳುತ್ತದೆ. ಕಚೇರಿಗಳ ಕಡೆ ಹೋದರೆ ಬೇರೆ ಮಾತು: ಎಷ್ಟು ಹೇಳಿದರೂ ಬೆಳೆ ಬದಲಿಸುವುದಿಲ್ಲ, ಅವರೇ ಮಾಡಿಕೊಂಡದ್ದು. ಹೊಲ ಒಂದೇ, ಬೀಜ ಒಂದೇ. ಒಬ್ಬರ ಲೆಕ್ಕದಲ್ಲಿ ಬಿತ್ತಿದವನ ಕೈಯಲ್ಲಿ ಏನೂ ಇರಲಿಲ್ಲ, ಇನ್ನೊಬ್ಬರ ಲೆಕ್ಕದಲ್ಲಿ ಎಲ್ಲವೂ ಇತ್ತು.

ಎರಡೂ ಮಾತು ಆಡುವವರಿಗೆ ಅನುಕೂಲವಾಗಿವೆ. ಅನುಮಾನ ಹುಟ್ಟಬೇಕಾದದ್ದೇ ಅಲ್ಲಿ. ಮನುಷ್ಯ ಮಾಡುವುದೆಲ್ಲ ಅವನೇ ಆರಿಸಿ ಮಾಡಿದ್ದೋ, ಮೊದಲೇ ಗೊತ್ತಾಗಿಹೋದ ಕಾರಣಗಳ ಫಲವೋ ಎಂಬ ತಕರಾರಿಗೆ ಕನಿಷ್ಠ 2,500 ವರ್ಷದ ವಯಸ್ಸಿದೆ. ಈ ತಕರಾರಿನಲ್ಲಿ ಒಂದು ಪಕ್ಷ ಹಿಡಿದು ಬರೆಸಿದ, ಕರ್ನಾಟಕದ ನೆಲದಲ್ಲಿ ಸಿಕ್ಕಿರುವ ಅತ್ಯಂತ ಹಳೆಯ ಲಿಖಿತ ಹೇಳಿಕೆಗಳಲ್ಲಿ ಒಂದು ಮೊಳಕಾಲ್ಮೂರು ತಾಲೂಕಿನ ಬಂಡೆಗಳ ಮೇಲಿದೆ.

1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಇಲ್ಲಿ ಅಶೋಕನ ಶಾಸನಗಳನ್ನು ಪತ್ತೆಹಚ್ಚಿದರು. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಹೀಗೆ ಒಂದಕ್ಕೊಂದು ಕೂಗಳತೆಯಲ್ಲಿ ಎನ್ನುವಷ್ಟು ಹತ್ತಿರ ಮೂರು ಕಡೆ. ಸುವರ್ಣಗಿರಿಯ ರಾಜಕುಮಾರ ಮತ್ತು ಮಹಾಮಾತ್ರರು, ಅಂದರೆ ಹಿರಿಯ ಅಧಿಕಾರಿಗಳು, ಇಲ್ಲಿನ ಇಸಿಲದ ಮಹಾಮಾತ್ರರಿಗೆ ಕಳಿಸಿದ ಆಜ್ಞೆ ಅದು. ಬರೆದವನು ಚಪಡ. ಲಿಪಿಕಾರ ಎಂಬ ತನ್ನ ಹುದ್ದೆಯನ್ನು ಮಾತ್ರ ಅವನು ವಾಯವ್ಯ ಗಡಿಯ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಆಜ್ಞೆಯೊಳಗೆ ಯಾರೂ ಒತ್ತಾಯಿಸದ ಈ ಸಣ್ಣ ಜಂಬ ಅವನ ಸ್ವಂತದ್ದು. ಶಾಸನದ ಒಳಗಿರುವ ಸಂಗತಿ ನೇರ. ಅರಸ ತಾನು ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಮಿಕ್ಕಿ ಆಯಿತು, ಮೊದಲ ಒಂದು ವರ್ಷ ಹೆಚ್ಚೇನೂ ಶ್ರಮಿಸಲಿಲ್ಲ, ಸಂಘದ ಹತ್ತಿರ ಬಂದ ಮೇಲೆ ಶ್ರಮಿಸಿದೆ ಎಂದು ಒಪ್ಪಿಕೊಳ್ಳುತ್ತಾನೆ. ಅದರ ಫಲವೂ ಕಂಡಿತು ಎನ್ನುತ್ತಾನೆ. ಆ ಫಲ ದೊಡ್ಡವರಿಗೆ ಮಾತ್ರ ಸಿಗುವಂಥದ್ದಲ್ಲ, ಸಣ್ಣವನೂ ಪ್ರಯತ್ನಪಟ್ಟರೆ ಸ್ವರ್ಗವನ್ನೇ ಪಡೆಯಬಲ್ಲ; ಗಡಿಯಾಚೆಯವರೂ ಇದನ್ನು ತಿಳಿಯಲಿ ಎಂಬುದು ತಾತ್ಪರ್ಯ.

ಇದು ಉಪದೇಶದ ಮಾತಾಗಿ ಓದಿಸಿಕೊಂಡು ಹೋಗುತ್ತದೆ. ಆದರೆ ಆ ಕಾಲದಲ್ಲಿ ಇದಕ್ಕೆ ಎದುರಾಳಿಗಳಿದ್ದರು. ಬುದ್ಧ, ಮಹಾವೀರರ ಸಮಕಾಲೀನ ಮಕ್ಖಲಿ ಗೋಸಾಲನ ಆಜೀವಿಕರು ಪ್ರಯತ್ನ ಎಂಬುದೇ ಇಲ್ಲ ಎನ್ನುತ್ತಿದ್ದರು. ನಿಯತಿಯೊಂದೇ ಸತ್ಯ; ಜಾಣನೂ ದಡ್ಡನೂ ನಿಗದಿಯಾದಷ್ಟು ಜನ್ಮ ಎತ್ತಿಯೇ ದುಃಖದ ಕೊನೆ ಕಾಣಬೇಕು; ಎಸೆದ ದಾರದ ಉಂಡೆ ದಾರ ಮುಗಿಯುವವರೆಗೆ ಬಿಚ್ಚಿಕೊಳ್ಳುವುದೇ ಹೊರತು ಹೆಚ್ಚಿಲ್ಲ, ಕಡಿಮೆಯಿಲ್ಲ. ಈ ಚಿತ್ರ ನಮಗೆ ಉಳಿದಿರುವುದು ಎದುರಾಳಿಗಳಾದ ಬೌದ್ಧರ ಗ್ರಂಥಗಳಲ್ಲಿ, ಹಾಗಾಗಿ ಸ್ವಲ್ಪ ವ್ಯಂಗ್ಯ ಬೆರೆತಿರಬಹುದು. ಸ್ವಾರಸ್ಯವೆಂದರೆ ಪ್ರಯತ್ನದ ಮಹಿಮೆಯನ್ನು ಬಂಡೆಗೆ ಬರೆಸಿದ ಅದೇ ಅಶೋಕ ತನ್ನ ಆಳ್ವಿಕೆಯ 12ನೇ ವರ್ಷದಲ್ಲಿ, ಇಂದಿನ ಬಿಹಾರದ ಬರಾಬರ್ ಬೆಟ್ಟದಲ್ಲಿ, ಕನ್ನಡಿಯಂತೆ ನಯಗೊಳಿಸಿದ ಗುಹೆಗಳನ್ನು ದಾನ ಮಾಡಿದ್ದು ಈ ಆಜೀವಿಕರಿಗೆ. ಮೊಮ್ಮಗ ದಶರಥ ಹತ್ತಿರದ ನಾಗಾರ್ಜುನಿ ಬೆಟ್ಟದಲ್ಲಿ ಇನ್ನೂ ಮೂರು ಕೊಟ್ಟ.

ಆಜೀವಿಕರಿಗೆ ಸಿಕ್ಕ ಅತ್ಯುತ್ತಮ ಉತ್ತರ ಜೈನ ಆಗಮದ ಒಂದು ಕಥೆಯಲ್ಲಿದೆ. ಸದ್ದಾಲಪುತ್ತ ಎಂಬ ಕುಂಬಾರ ಗೋಸಾಲನ ಅನುಯಾಯಿ. ಮಡಕೆಗಳನ್ನು ಬಿಸಿಲಿಗೆ ಇಡುತ್ತಿದ್ದಾಗ ಮಹಾವೀರ ಕೇಳುತ್ತಾನೆ: ಇವು ಪ್ರಯತ್ನದಿಂದ ಆದವೋ, ತಾವಾಗಿಯೇ ಆದವೋ? ತಾವಾಗಿಯೇ, ಪ್ರಯತ್ನ ಎಂಬುದಿಲ್ಲ ಎನ್ನುತ್ತಾನೆ ಕುಂಬಾರ. ಹಾಗಾದರೆ ಯಾರಾದರೂ ನಿನ್ನ ಮಡಕೆ ಕದ್ದರೆ, ಒಡೆದರೆ, ನಿನ್ನ ಹೆಂಡತಿಯ ಮೇಲೆ ಕೈಮಾಡಿದರೆ? ಹಿಡಿದು ಬಡಿಯುತ್ತೇನೆ ಎನ್ನುತ್ತಾನೆ ಕುಂಬಾರ. ಎಲ್ಲವೂ ನಿಯತವಾಗಿದ್ದರೆ ಯಾರನ್ನು, ಯಾವ ತಪ್ಪಿಗೆ ಬಡಿಯುತ್ತೀ? ಆಕ್ಸ್‌ಫರ್ಡ್‌ನ ಪಿ.ಎಫ್. ಸ್ಟ್ರಾಸನ್ 1962ರಲ್ಲಿ ಒಂದು ಪ್ರಬಂಧದಲ್ಲಿ ಹಿಡಿದ ದಾರಿ ಇದರ ಪಕ್ಕದ್ದೇ. ನಿಯತಿವಾದ ನಿಜವೋ ಸುಳ್ಳೋ ಎಂಬ ತೀರ್ಪಿಗೆ ಕಾದು ಮನುಷ್ಯರು ಸಿಟ್ಟು, ಕೃತಜ್ಞತೆ, ಕ್ಷಮೆಗಳನ್ನು ನಿಲ್ಲಿಸಲಾರರು. ಒಬ್ಬರನ್ನೊಬ್ಬರು ಹೊಣೆಗಾರರೆಂದು ಕಾಣುವುದು ಒಟ್ಟಿಗೆ ಬದುಕುವುದರ ಭಾಗವೇ ಆಗಿದೆ ಎಂದು ಅವರು ವಾದಿಸಿದರು. ಕುಂಬಾರ ಮಾತ್ರ ಆ ಪ್ರಬಂಧ ಓದದೆಯೇ ಸೋಲೊಪ್ಪಿಕೊಂಡ.

ಆಜೀವಿಕರು ಇದರಿಂದ ನಾಶವಾಗಲಿಲ್ಲ. ಉತ್ತರದಲ್ಲಿ ಕರಗಿದ ಮೇಲೂ ದಕ್ಷಿಣದಲ್ಲಿ ಉಳಿದರು. ಕೋಲಾರ ಸೀಮೆಯೂ ಸೇರಿದಂತೆ ಹಲವೆಡೆಯ ಶಾಸನಗಳಲ್ಲಿ ಆಜೀವಿಕರ ಮೇಲಿನ ತೆರಿಗೆಯ ಪ್ರಸ್ತಾಪ ಬರುವುದನ್ನು ಎ.ಎಲ್. ಬಾಷಮ್ 1951ರ ತಮ್ಮ ಗ್ರಂಥದಲ್ಲಿ ತೋರಿಸಿದ್ದಾರೆ. ಏನನ್ನೂ ಬದಲಿಸಲಾಗದು ಎಂದು ನಂಬಿದವರಿಗೂ ತೆರಿಗೆ ತಪ್ಪಲಿಲ್ಲ.

ನಿಯತಿ, ಪ್ರಯತ್ನ ಎರಡರ ನಡುವೆ ಈ ನಾಡಿನ ಬಹುಪಾಲು ಜನ ನಿಂತದ್ದು ಕರ್ಮದ ನೆಲೆಯಲ್ಲಿ. ಚಳ್ಳಕೆರೆ ತಾಲೂಕಿನ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಕೆರೆಗಳನ್ನು ಕಟ್ಟಿಸಿದ ಸಂತನೆಂದು ಜನಮನದಲ್ಲಿ ಉಳಿದವರು. ಮಾಡಿದಷ್ಟು ನೀಡು ಭಿಕ್ಷೆ ಎಂಬ ಅವರ ಮಾತು ಆ ಭಾಗದಲ್ಲಿ ಮಕ್ಕಳ ಬಾಯಲ್ಲೂ ಇದೆ. ತರ್ಕಕ್ಕೆ ಹಚ್ಚಿ ನೋಡಿದರೆ ಕರ್ಮಸಿದ್ಧಾಂತ ನಿಯತಿವಾದದ ಶತ್ರು. ಫಲ ಬರುವುದು ಮಾಡಿದ್ದಕ್ಕೆ, ಮಾಡುವವನು ತಾನು. ಆದರೆ ಮಾಡಿದ್ದು ಹಿಂದಿನ ಜನ್ಮದಲ್ಲಿ ಎಂದ ತಕ್ಷಣ ಅದು ನಿಯತಿಯ ಕೆಲಸವನ್ನೇ ಮಾಡತೊಡಗುತ್ತದೆ. ಇಂದಿನ ಬಡತನಕ್ಕೆ ಇಂದಿನವರು ಯಾರೂ ಕಾರಣರಲ್ಲ ಎಂದಾಗುತ್ತದೆ. ಕೆರೆ ಕಟ್ಟಿದವರ ಮಾತನ್ನು ಈ ಅರ್ಥಕ್ಕೆ ಎಳೆಯುವುದು ಅನ್ಯಾಯ. ಪ್ರತಿ ವರ್ಷ ಫಾಲ್ಗುಣದ ಜಾತ್ರೆಯಲ್ಲಿ ಸ್ವಾಮಿಯ ಮುಕ್ತಿಬಾವುಟ ಹರಾಜಾಗುತ್ತದೆ, ಲಕ್ಷಗಟ್ಟಲೆ ರೂಪಾಯಿಗೆ ಹೋಗುತ್ತದೆ. ಕರ್ಮವೇ ಎಲ್ಲವನ್ನೂ ಗೊತ್ತುಮಾಡಿಬಿಟ್ಟಿದೆ ಎಂದು ಜನ ನಿಜವಾಗಿ ನಂಬಿದ್ದರೆ ಬಾವುಟಕ್ಕೆ ಪೈಪೋಟಿ ಯಾಕೆ?

ಕನ್ನಡ ನೆಲದ ದಾರ್ಶನಿಕರೂ ಈ ವಿಷಯದಲ್ಲಿ ಒಂದೇ ಮಾತಿನವರಲ್ಲ. 12ನೇ ಶತಮಾನದ ಶರಣರು ಹುಟ್ಟಿದ ಕುಲ ಮನುಷ್ಯನನ್ನು ನಿರ್ಧರಿಸುತ್ತದೆ ಎಂಬುದನ್ನು ತಳ್ಳಿಹಾಕಿ ಕಾಯಕಕ್ಕೆ ಬೆಲೆ ಕಟ್ಟಿದರು. 13ನೇ ಶತಮಾನದ ಮಧ್ವಾಚಾರ್ಯರ ಪ್ರಕಾರ ಸ್ವತಂತ್ರ ತತ್ತ್ವ ವಿಷ್ಣು ಒಬ್ಬನೇ, ಜೀವರೆಲ್ಲ ಪರತಂತ್ರರು. ಅವರಲ್ಲಿ ಸ್ವಭಾವದಿಂದಲೇ ಮುಕ್ತಿಗೆ ಯೋಗ್ಯರು, ಸದಾ ಸಂಸಾರಿಗಳು, ತಮಸ್ಸಿಗೆ ಹೋಗುವವರು ಎಂಬ ಮೂರು ವರ್ಗ.

ದಾರ್ಶನಿಕರನ್ನು ಬಿಟ್ಟು ಕಾದಂಬರಿಯ ಕಡೆ ಬಂದರೂ ಇದೇ ಪ್ರಶ್ನೆ ಎದುರಾಗುತ್ತದೆ. ತಳುಕಿನ ರಾಮಸ್ವಾಮಯ್ಯ ಸುಬ್ಬರಾಯರು, ಅಂದರೆ ಓದುಗರ ತ.ರಾ.ಸು., ಹೆಸರಿನಲ್ಲೇ ಚಳ್ಳಕೆರೆ ತಾಲೂಕಿನ ತಳುಕನ್ನು ಹೊತ್ತವರು. ಅವರ ‘ದುರ್ಗಾಸ್ತಮಾನ’ಕ್ಕೆ 1985ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1779ರಲ್ಲಿ ಚಿತ್ರದುರ್ಗ ಹೈದರನ ವಶವಾಗುತ್ತದೆ ಎಂಬುದು ಆ ಕಾದಂಬರಿಯ ಮೊದಲ ಪುಟ ತೆರೆಯುವ ಮುಂಚೆಯೇ ಓದುಗನಿಗೆ ಗೊತ್ತು, ಹೆಸರಲ್ಲೇ ಇದೆ. ಆದರೂ ದುರ್ಗದ ಅರಸ ಮದಕರಿ ನಾಯಕ ಒಂದೊಂದು ತೀರ್ಮಾನ ಮಾಡುವಾಗಲೂ ಓದುಗ ಉಸಿರು ಹಿಡಿಯುತ್ತಾನೆ. ಕೊನೆ ಗೊತ್ತಿರುವುದು ಬೇರೆ, ಕೊನೆಗೆ ದೂಡಲ್ಪಡುವುದು ಬೇರೆ. ದೇವರಿಗೆ ಭವಿಷ್ಯ ಗೊತ್ತಿದ್ದರೆ ಮನುಷ್ಯನಿಗೆ ಸ್ವಾತಂತ್ರ್ಯ ಎಲ್ಲಿಯದು ಎಂದು ಜಗತ್ತಿನ ಹಲವು ಮತಗಳ ಪಂಡಿತರು ತಲೆ ಕೆಡಿಸಿಕೊಂಡ ಸಮಸ್ಯೆಗೆ ಐತಿಹಾಸಿಕ ಕಾದಂಬರಿಯ ಓದುಗನ ಅನುಭವ ಕೆಟ್ಟ ಉತ್ತರವೇನಲ್ಲ.

ಯೂರೋಪಿನಲ್ಲಿ ವಿಧಿಯ ಜಾಗಕ್ಕೆ ಭೌತವಿಜ್ಞಾನ ಬಂದು ಕೂತಿತು. ಒಂದು ಕ್ಷಣದಲ್ಲಿ ಜಗತ್ತಿನ ಪ್ರತಿ ಕಣದ ಸ್ಥಾನ ಮತ್ತು ಅದರ ಮೇಲಿನ ಬಲ ಗೊತ್ತಿರುವ ಬುದ್ಧಿಶಕ್ತಿಯೊಂದು ಇದ್ದರೆ ಅದಕ್ಕೆ ಭೂತ, ಭವಿಷ್ಯ ಎರಡೂ ಕಣ್ಣೆದುರೇ ಇರುತ್ತವೆ ಎಂದು ಗಣಿತಜ್ಞ ಲಾಪ್ಲಾಸ್ 1814ರಲ್ಲಿ ಬರೆದ. ಅದಕ್ಕೆ ಹತ್ತು ವರ್ಷ ಹಿಂದೆ ಫ್ರಾನ್ಸಿನ ಲಿಯೋನ್‌ನಲ್ಲಿ ಜಕಾರ್ಡ್ ತೂತು ಕೊರೆದ ಕಾರ್ಡುಗಳಿಂದ ವಿನ್ಯಾಸ ಮೂಡಿಸುವ ಮಗ್ಗ ರೂಪಿಸಿದ್ದ. ಮೊಳಕಾಲ್ಮೂರಿನ ರೇಷ್ಮೆ ಸೀರೆಯ ನೇಕಾರರಿಗೆ ಆ ಹೆಸರನ್ನು ಪರಿಚಯಿಸಬೇಕಿಲ್ಲ. ಮಗ್ಗದ ಮೇಲೆ ಜಕಾರ್ಡ್ ಕೂರಿಸಿದರೆ ಯಾವ ಎಳೆ ಏಳಬೇಕು, ಯಾವುದು ಕೂರಬೇಕು ಎಂಬುದನ್ನು ಕಾರ್ಡೇ ಗೊತ್ತುಮಾಡುತ್ತದೆ. ಬ್ಯಾಬೇಜ್ ತನ್ನ ಗಣಕಯಂತ್ರಕ್ಕೆ ಈ ಕಾರ್ಡುಗಳನ್ನೇ ಎರವಲು ಪಡೆದ. 1843ರಲ್ಲಿ ಆ ಯಂತ್ರದ ಬಗ್ಗೆ ಟಿಪ್ಪಣಿ ಬರೆದ ಏಡಾ ಲವ್‌ಲೇಸ್, ಯಂತ್ರ ತಾನಾಗಿ ಹೊಸದೇನನ್ನೂ ಹುಟ್ಟುಹಾಕಲಾರದು, ಹೇಳಿದ್ದನ್ನಷ್ಟೇ ಮಾಡೀತು ಎಂದರು. 1950ರಲ್ಲಿ ಟ್ಯೂರಿಂಗ್ ಅದನ್ನು ಎತ್ತಿಕೊಂಡು, ಮನುಷ್ಯ ಮಾತ್ರ ಪೂರ್ತಿ ಹೊಸದನ್ನು ಹುಟ್ಟಿಸುತ್ತಾನೆಂದು ಯಾರಿಗೆ ಖಾತ್ರಿ ಎಂದು ತಿರುಗಿ ಕೇಳಿದರು. ಅಷ್ಟರಲ್ಲಿ ಕ್ವಾಂಟಂ ಸಿದ್ಧಾಂತ ಲಾಪ್ಲಾಸನ ನಿಶ್ಚಿತ ಜಗತ್ತನ್ನು ಅಲ್ಲಾಡಿಸಿತ್ತು. ಆದರೆ ಅದರಿಂದ ಸ್ವಾತಂತ್ರ್ಯಕ್ಕೆ ಲಾಭವಾಗಲಿಲ್ಲ. ತಲೆಯೊಳಗೆ ಒಂದು ಕಣ ಆಕಸ್ಮಿಕವಾಗಿ ನೆಗೆದದ್ದರಿಂದ ಕೈ ಎದ್ದಿತು ಎಂದರೆ ಆ ಕೈ ಎತ್ತಿದ್ದು ‘ನಾನು’ ಎಂದು ಹೇಗಾಗುತ್ತದೆ?

ಇನ್ನು ಮಿದುಳಿನ ಪ್ರಯೋಗಗಳು. ಇವುಗಳ ಬಗ್ಗೆ ಪತ್ರಿಕೆಗಳಲ್ಲಿ ಬಂದಷ್ಟು ಗದ್ದಲ ಬೇರೆ ಯಾವ ವಾದಕ್ಕೂ ಆಗಿಲ್ಲ. ನರವಿಜ್ಞಾನಿ ಬೆಂಜಮಿನ್ ಲಿಬೆಟ್ 1983ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೂತವರು ಮನಸ್ಸು ಬಂದಾಗ ಮಣಿಕಟ್ಟು ಅಲ್ಲಾಡಿಸಬೇಕು, ಗಡಿಯಾರದ ಚುಕ್ಕೆ ನೋಡಿ ಆ ಮನಸ್ಸು ಯಾವಾಗ ಬಂತೆಂದು ಹೇಳಬೇಕು. ಚಲನೆಗೆ ಸುಮಾರು 550 ಮಿಲಿಸೆಕೆಂಡ್ ಮೊದಲೇ ಮಿದುಳಿನಲ್ಲಿ ಸಿದ್ಧತೆಯ ವಿದ್ಯುತ್ ಅಲೆ ಏಳುತ್ತಿತ್ತು. ಮನಸ್ಸಾಯಿತು ಎಂದು ಜನ ಹೇಳಿದ ಕ್ಷಣ ಚಲನೆಗೆ ಸುಮಾರು 200 ಮಿಲಿಸೆಕೆಂಡ್ ಮುಂಚಿನದು. ಅಂದರೆ ತೀರ್ಮಾನ ಮೊದಲು, ತಿಳಿವು ಆಮೇಲೆ ಎಂಬ ಅರ್ಥ ಹುಟ್ಟಿತು. 2008ರಲ್ಲಿ ಜಾನ್-ಡಿಲನ್ ಹೇನ್ಸ್ ತಂಡ ಸ್ಕ್ಯಾನರಿನಲ್ಲಿ ಎಡ ಗುಂಡಿಯೋ ಬಲ ಗುಂಡಿಯೋ ಎಂಬುದನ್ನು ಹಲವು ಸೆಕೆಂಡ್ ಮೊದಲೇ ಊಹಿಸಿತು, ಆದರೆ ನೂರಕ್ಕೆ ಸುಮಾರು 60ರಷ್ಟು ನಿಖರವಾಗಿ ಮಾತ್ರ. ನಾಣ್ಯ ಚಿಮ್ಮಿದರೆ 50 ಸಿಗುತ್ತದೆ ಎಂಬುದನ್ನು ಮರೆಯಬಾರದು.

ಲಿಬೆಟ್ ಪ್ರಯೋಗ ಸ್ವಾತಂತ್ರ್ಯವಾದವನ್ನು ಕೊಂದಿತು ಎನ್ನುವವರು 2012ರಿಂದ ಈಚಿನ ಕೆಲಸವನ್ನು ನೋಡಿರುವುದಿಲ್ಲ. ಆ ವರ್ಷ ಆರನ್ ಶರ್ಗರ್ ಮತ್ತು ಸಹೋದ್ಯೋಗಿಗಳು, ಏರುವ ಅಲೆ ತೀರ್ಮಾನದ ಗುರುತೇ ಅಲ್ಲ, ಮಿದುಳಿನ ಸದಾ ಇರುವ ಏರಿಳಿತ ಒಂದು ಮಟ್ಟ ದಾಟಿದಾಗ ಕೈ ಅಲ್ಲಾಡುತ್ತದೆ, ಹಿಂದಿನಿಂದ ಲೆಕ್ಕ ಹಾಕಿದಾಗ ಅದು ಸಿದ್ಧತೆಯಂತೆ ಕಾಣುತ್ತದೆ ಎಂದು ತೋರಿಸಿದರು. 2019ರಲ್ಲಿ ಉರಿ ಮಾವೋಜ್, ಲಿಯಾದ್ ಮುದ್ರಿಕ್ ಮತ್ತಿತರರು ಇನ್ನೂ ಮುಖ್ಯವಾದ ವ್ಯತ್ಯಾಸ ಹಿಡಿದರು. ಸುಮ್ಮನೆ ಗುಂಡಿ ಒತ್ತುವಾಗ ಕಾಣುವ ಆ ಅಲೆ, ಯಾವ ಸಂಸ್ಥೆಗೆ ನಿಜವಾದ ದುಡ್ಡು ದಾನ ಹೋಗಬೇಕು ಎಂದು ಯೋಚಿಸಿ ಗುಂಡಿ ಒತ್ತುವಾಗ ಹೆಚ್ಚೂಕಡಿಮೆ ಕಾಣಲೇ ಇಲ್ಲ. ಆರಿದ್ರಕ್ಕೋ ಪುನರ್ವಸುವಿಗೋ ಎಂದು ವಾರಗಟ್ಟಲೆ ತೂಗುವ ಬಿತ್ತನೆಯ ಲೆಕ್ಕ ಮಣಿಕಟ್ಟಿನ ಅಲುಗಾಟದ ಜಾತಿಯದಲ್ಲ. ಚಳ್ಳಕೆರೆಯ ಕುದಾಪುರದಲ್ಲಿ ಎರಡನೇ ಆವರಣ ಹೊಂದಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಬೆಂಗಳೂರಿನ ನರವಿಜ್ಞಾನ ಕೇಂದ್ರದಲ್ಲೂ, ಶುರುವಾಗಲಿರುವ ಕಣ್ಣಿನ ಚಲನೆಯನ್ನು ಮಿದುಳು ಕೊನೇ ಗಳಿಗೆಯಲ್ಲಿ ಹೇಗೆ ತಡೆಯುತ್ತದೆ ಎಂಬ ಅಧ್ಯಯನಗಳು ನಡೆದಿವೆ. ಬೇಡ ಎಂದು ನಿಲ್ಲಿಸುವ ಶಕ್ತಿಯನ್ನು ಲಿಬೆಟ್ ಕೂಡ ಮನುಷ್ಯನಿಗೆ ಬಿಟ್ಟುಕೊಟ್ಟಿದ್ದರು.

2023ರಲ್ಲಿ ಈ ಎರಡು ಪಕ್ಷಗಳ ಎರಡು ಪುಸ್ತಕ ಒಟ್ಟಿಗೆ ಬಂದವು. ವಂಶವಾಹಿ, ಗರ್ಭದ ದಿನಗಳು, ಬಾಲ್ಯ, ಸಂಸ್ಕೃತಿ ಎಲ್ಲ ಕೂಡಿಸಿದರೆ ಇಚ್ಛಾಸ್ವಾತಂತ್ರ್ಯಕ್ಕೆ ಸಂದಿಯೇ ಉಳಿಯುವುದಿಲ್ಲ ಎಂದವರು ನರವಿಜ್ಞಾನಿ ರಾಬರ್ಟ್ ಸಪೋಲ್ಸ್ಕಿ. ಜೀವಿಗಳು ಕಾರಣಗಳಿಗೆ ಬರೀ ಗುರಿಯಲ್ಲ, ತಾವೂ ಕಾರಣಗಳಾಗುವಂತೆ ವಿಕಾಸಗೊಂಡಿವೆ ಎಂದವರು ಕೆವಿನ್ ಮಿಚೆಲ್. ತತ್ತ್ವಶಾಸ್ತ್ರದ ಅಧ್ಯಾಪಕರನ್ನು 2020ರಲ್ಲಿ ಕೇಳಿದ ಒಂದು ದೊಡ್ಡ ಸಮೀಕ್ಷೆಯಲ್ಲಿ ಶೇ 59ರಷ್ಟು ಜನ ಎರಡರ ನಡುವಿನ ಸಮನ್ವಯದ ಕಡೆ ವಾಲಿದ್ದರು: ಕ್ರಿಯೆಗೆ ಕಾರಣಗಳಿರುವುದು ಸ್ವಾತಂತ್ರ್ಯವನ್ನು ಕೆಡಿಸುವುದಿಲ್ಲ, ಆ ಕಾರಣಗಳಲ್ಲಿ ಮನುಷ್ಯನ ಸ್ವಂತ ವಿವೇಚನೆಯೂ ಒಂದಾಗಿದ್ದರೆ ಸಾಕು. ಈ ಲೇಖನದ ಒಲವೂ ಆ ಕಡೆಗೇ. ಆದರೆ ಆ ಸಮನ್ವಯ ಪುಸ್ತಕದಲ್ಲಿ ಸಲೀಸು. ಬಯಲುಸೀಮೆಯಲ್ಲಿ ಅದನ್ನು ಅನ್ವಯಿಸಹೊರಟರೆ ವಿವೇಚನೆಗೆ ಎಷ್ಟು ಜಾಗ ಬಿಟ್ಟಿದ್ದಾರೆ, ಬಿಟ್ಟವರು ಯಾರು ಎಂದು ಕೇಳಬೇಕಾಗುತ್ತದೆ.

ಶೇಂಗಾವನ್ನೇ ನೋಡಿ. ಒಂದು ಕಾಲಕ್ಕೆ ಚಳ್ಳಕೆರೆ ಎಣ್ಣೆ ನಗರ. ಮಿಲ್ಲುಗಳ ಸಾಲಿನಿಂದ ಎರಡನೇ ಮುಂಬಯಿ ಎಂದೂ ಹೆಸರು. 1994ರಲ್ಲಿ ಕೇಂದ್ರ ಸರ್ಕಾರ ತಾಳೆ ಎಣ್ಣೆಯ ಆಮದನ್ನು ಮುಕ್ತಗೊಳಿಸಿತು, ಮುಂದಿನ ವರ್ಷಗಳಲ್ಲಿ ಅಗ್ಗದ ಎಣ್ಣೆ ಹರಿದುಬಂತು, ಇಲ್ಲಿನ ಮಿಲ್ಲುಗಳು ಒಂದೊಂದಾಗಿ ಸೊರಗಿದವು. ಬೆಳೆ ಮಾತ್ರ ಉಳಿಯಿತು. ಹೊಟ್ಟು ದನಕ್ಕೆ ಬೇಕು, ಗುರುತಿನ ವ್ಯಾಪಾರಿ ಇದ್ದಾನೆ, ಮಣ್ಣು ಒಗ್ಗಿದೆ. 2016ರಲ್ಲಿ ಬಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರು ಬೆಳೆಗೆ ರೈತ ಕಟ್ಟುವುದು ವಿಮಾ ಮೊತ್ತದ ಶೇ 2. ನಷ್ಟದ ಲೆಕ್ಕವಾದರೋ ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿ ಮಟ್ಟದ ಬೆಳೆ ಕಟಾವು ಪ್ರಯೋಗದ ಮೇಲೆ ನಡೆಯುತ್ತದೆ. ಒಬ್ಬ ಎಷ್ಟೇ ಜತನದಿಂದ ಹೊಲ ಮಾಡಿದರೂ ಪರಿಹಾರ ಗೊತ್ತಾಗುವುದು ಇಡೀ ಪಂಚಾಯಿತಿಯ ಸರಾಸರಿಯಿಂದ. ಇಷ್ಟೆಲ್ಲ ತೂಗಿ ಶೇಂಗಾ ಬಿತ್ತುವವನು ಹಣೆಬರಹಕ್ಕೆ ಬಲಿಯೂ ಅಲ್ಲ, ಮೊಂಡನೂ ಅಲ್ಲ. ಅವನು ವಿವೇಚನೆಯಿಂದಲೇ ಆರಿಸಿದ್ದಾನೆ, ಆದರೆ ಆರಿಸಬೇಕಾದ ಪಟ್ಟಿಯನ್ನು ಬರೆದವರು ದೆಹಲಿಯಲ್ಲಿದ್ದಾರೆ.

ಬಡತನ ವಿವೇಚನೆಯ ಒಳಕ್ಕೂ ಕೈಹಾಕುತ್ತದೆ. ತಮಿಳುನಾಡಿನ ಕಬ್ಬು ಬೆಳೆಗಾರರಿಗೆ ಕಟಾವಿಗೆ ಮುಂಚೆ, ಕೈ ಖಾಲಿಯಿದ್ದಾಗ, ಮತ್ತು ಕಟಾವಾಗಿ ಹಣ ಬಂದ ಮೇಲೆ ಒಂದೇ ಬಗೆಯ ಬುದ್ಧಿ ಪರೀಕ್ಷೆ ಕೊಟ್ಟ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಅವೇ ರೈತರು ಕಟಾವಿಗೆ ಮುಂಚೆ ಕಡಿಮೆ ಅಂಕ ಪಡೆದಿದ್ದರು. ಸಾಲದ ಚಿಂತೆ ತಲೆಯಲ್ಲಿ ಜಾಗ ಹಿಡಿದುಕೊಂಡರೆ ತೂಗಿ ನೋಡುವ ಶಕ್ತಿಗೆ ಉಳಿಯುವ ಜಾಗ ಕಡಿಮೆ ಎಂಬುದು ಸೆಂಥಿಲ್ ಮುಲ್ಲೈನಾಥನ್, ಎಲ್ಡಾರ್ ಶಫೀರ್ ಮತ್ತವರ ಸಂಗಡಿಗರ ತೀರ್ಮಾನ. ಇದು ಸರಿಯಾದರೆ ಸ್ವಾತಂತ್ರ್ಯ ಒಬ್ಬ ಮನುಷ್ಯನಲ್ಲೇ ತಿಂಗಳಿಂದ ತಿಂಗಳಿಗೆ ಹಿಗ್ಗುತ್ತದೆ, ಕುಗ್ಗುತ್ತದೆ.

ಕುದಾಪುರದ ಸುತ್ತಮುತ್ತಲ ಕುರಿಗಾರರ ಕಥೆಯಲ್ಲಿ ಪಟ್ಟಿ ಬರೆದವರ ಗುರುತು ಇನ್ನೂ ಸ್ಪಷ್ಟ. ಮೈಸೂರು ಅರಸರ ಕಾಲದಿಂದ ಮೇವಿಗೆ ಮೀಸಲಾಗಿದ್ದ ಅಮೃತಮಹಲ್ ಕಾವಲಿನ ಸುಮಾರು 10 ಸಾವಿರ ಎಕರೆಯನ್ನು 2000ದ ದಶಕದ ಕೊನೆಯಲ್ಲಿ ಡಿಆರ್‌ಡಿಒ, ಭಾಭಾ ಅಣು ಸಂಶೋಧನಾ ಕೇಂದ್ರ, ಇಸ್ರೊ, ಭಾರತೀಯ ವಿಜ್ಞಾನ ಸಂಸ್ಥೆಗಳಿಗೆ ಹಂಚಲಾಯಿತು. ಗೋಡೆ ಎದ್ದ ಮೇಲೆಯೇ ಎಷ್ಟೋ ಹಳ್ಳಿಗಳಿಗೆ ಸುದ್ದಿ ತಿಳಿದದ್ದು. ವ್ಯಾಜ್ಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. 2017ರ ಮೇ 28ರಂದು ಡಿಆರ್‌ಡಿಒ ವೈಮಾನಿಕ ಪರೀಕ್ಷಾ ವಲಯದ ಉದ್ಘಾಟನೆಯೂ ಆಯಿತು. ಮೇವಿನ ನೆಲ ಕಡಿಮೆಯಾದಾಗ ಕುರಿ ಮಾರುವವನು, ಕುರಿಯ ಜತೆಗೆ ಕಂಬಳಿಯ ಕಸುಬು ಬಿಡುವವನು, ಬೆಂಗಳೂರಿನ ಬಸ್ಸು ಹತ್ತುವವನು, ಎಲ್ಲರೂ ತಮ್ಮ ಕಾಲಮೇಲೆ ತಾವೇ ನಡೆದುಹೋದವರು. ಅಂಕಿ ಅಂಶದ ಪುಸ್ತಕದಲ್ಲಿ ಅದು ಸ್ವಇಚ್ಛೆಯ ವಲಸೆ.

ಕಾನೂನು ಈ ಹಿಗ್ಗು ಕುಗ್ಗುಗಳನ್ನು ತತ್ತ್ವಜ್ಞಾನಿಗಳಿಗಿಂತ ಮೊದಲೇ ಒಪ್ಪಿಕೊಂಡಿದೆ. ಬುದ್ಧಿಸ್ವಾಸ್ಥ್ಯವಿಲ್ಲದೆ ತಾನು ಮಾಡುತ್ತಿರುವುದು ಏನೆಂದು ತಿಳಿಯಲಾರದವನ ಕೃತ್ಯ ಅಪರಾಧವಲ್ಲ ಎಂಬ ಭಾರತೀಯ ದಂಡ ಸಂಹಿತೆಯ 84ನೇ ಕಲಂ, 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ 22ನೇ ಕಲಂ ಆಗಿ ಮುಂದುವರಿದಿದೆ. ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯ ಮಂಪರು ಪರೀಕ್ಷೆಗೆ ದೇಶದಲ್ಲೇ ಹೆಸರಾಗಿದ್ದ ಕಾಲದಲ್ಲಿ, ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದ 2010ರ ಮೇ 5ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಒಪ್ಪಿಗೆಯಿಲ್ಲದೆ ನಡೆಸುವ ಮಂಪರು, ಸುಳ್ಳುಪತ್ತೆ, ಮಿದುಳು ನಕ್ಷೆ ಪರೀಕ್ಷೆಗಳು ಸಂವಿಧಾನಬಾಹಿರ ಎಂದಿತು. ಸೂಜಿಮದ್ದಿನ ಮಂಪರಿನಲ್ಲಿ ಬಾಯಿಂದ ಬಂದ ಮಾತು ಆ ಮನುಷ್ಯನ ಮಾತಲ್ಲ.

ಒಪ್ಪಿಗೆಯನ್ನು ಇಷ್ಟು ಎತ್ತರದಲ್ಲಿಡುವ ಕಾನೂನೇ ಇನ್ನೊಂದು ಕಡೆ ಒಪ್ಪಿಗೆಗೆ ಕವಡೆ ಕಿಮ್ಮತ್ತೂ ಕೊಡುವುದಿಲ್ಲ. 1982ರ ಕರ್ನಾಟಕ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ, ಹೆಣ್ಣು ಒಪ್ಪಿದ್ದರೂ ಒಪ್ಪದಿದ್ದರೂ ಸಮರ್ಪಣೆ ಅಸಿಂಧು ಎಂದಿತು. ಮೇಲ್ನೋಟಕ್ಕೆ ಇದು ವಿರೋಧಾಭಾಸ. ಆದರೆ ದೇವದಾಸಿಯಾಗಿ ಮುತ್ತು ಕಟ್ಟಿಸಿಕೊಳ್ಳುವ ಹುಡುಗಿಯ ವಯಸ್ಸು, ಮನೆಯ ಸ್ಥಿತಿ, ಬೇಡವೆಂದರೆ ಏನಾದೀತೆಂಬ ಹೆದರಿಕೆ, ಇವನ್ನು ಲೆಕ್ಕಕ್ಕೆ ತಂದುಕೊಂಡರೆ ಅಲ್ಲಿ ಹೂಂ ಎಂದದ್ದು ಯಾರ ಬಾಯಿ ಎಂಬುದು ಅರ್ಥವಾಗುತ್ತದೆ. ಶಾಸನಸಭೆ ಇಲ್ಲಿ ತೋರಿದ ವಿವೇಕ ಅನೇಕ ದಪ್ಪ ಗ್ರಂಥಗಳಲ್ಲಿಲ್ಲ.

ಎಲ್ಲಕ್ಕಿಂತ ಕಗ್ಗಂಟಾದದ್ದು ಕಾಡುಗೊಲ್ಲರ ಹಟ್ಟಿಗಳ ಸೂತಕದ ಪ್ರಶ್ನೆ. ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಹಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದ ಹೆಂಗಸರು, ಹೊಸ ಬಾಣಂತಿಯರು ಹಟ್ಟಿಯ ಹೊರಗೆ ಇರಬೇಕೆಂಬುದು ಕಟ್ಟಳೆ. ಚಳ್ಳಕೆರೆ ತಾಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯಂಥ ಮಹಾನ್ ಗಾಯಕಿಯನ್ನು ಕೊಟ್ಟ, ಸಾವಿರಾರು ಸಾಲುಗಳ ಕಾವ್ಯವನ್ನು ನಾಲಿಗೆಯ ಮೇಲಿಟ್ಟುಕೊಂಡ ಸಮುದಾಯ ಇದು. ಮೌಢ್ಯ ಎಂಬ ಒಂದು ಪದದಿಂದ ಮುಗಿಸಿಬಿಡುವಂಥದ್ದಲ್ಲ. ಮುಟ್ಟಾದವರನ್ನು, ಗರ್ಭಿಣಿಯರನ್ನು ಒತ್ತಾಯದಿಂದ ಊರ ಹೊರಗಿಡುವುದು 2017ರ ಕರ್ನಾಟಕ ಅಮಾನವೀಯ ದುಷ್ಟ ಪದ್ಧತಿಗಳ ತಡೆ ಕಾಯ್ದೆಯಡಿ ಅಪರಾಧ. ಕಾಯ್ದೆ 2020ರಲ್ಲಿ ಜಾರಿಗೆ ಬಂತು. ಇನ್ನೊಂದು ಕಡೆ ಕೆಲವು ಹಟ್ಟಿಗಳ ಅಂಚಿನಲ್ಲಿ ಸರ್ಕಾರವೇ ಮಹಿಳಾ ಭವನಗಳನ್ನು ಕಟ್ಟಿಸಿತು. ಗುಡಿಸಲಿಗಿಂತ ಗೋಡೆ ಮೇಲು ಎಂಬುದು ಒಂದು ವಾದ, ಪದ್ಧತಿಗೆ ಸಿಮೆಂಟು ಹಾಕಿದಂತಾಯಿತು ಎಂಬುದು ಇನ್ನೊಂದು.

2023ರ ಜುಲೈನಲ್ಲಿ ತುಮಕೂರು ತಾಲೂಕಿನ ಹಟ್ಟಿಯೊಂದರಲ್ಲಿ ಮಳೆ, ಚಳಿಯ ನಡುವೆ ಹೊರಗಿನ ಗುಡಿಸಲಿನಲ್ಲಿದ್ದ ಬಾಣಂತಿಯ ಹಸುಗೂಸು ತೀರಿಕೊಂಡಿತು. ಪ್ರಕರಣ ದಾಖಲಾಯಿತು, ನ್ಯಾಯಾಧೀಶರೇ ಹಟ್ಟಿಗೆ ಹೋದರು. ಹೊಣೆ ಯಾರದು? ತಾಯಿಯದೆನ್ನಲು ನಾಲಿಗೆ ಏಳುವುದಿಲ್ಲ. ಮನೆಯವರು ದೇವರು ಮುನಿದಾನೆಂದು ನಿಜವಾಗಿ ನಂಬಿದ್ದರು. ಸಪೋಲ್ಸ್ಕಿಯ ದಾರಿ ಹಿಡಿದರೆ ಆ ನಂಬಿಕೆ ಅವರು ಆರಿಸಿದ್ದಲ್ಲ, ಅವರಿಗೆ ಬಂದದ್ದು. ಹಾಗಾಗಿ ಯಾರೂ ಹೊಣೆಯಲ್ಲ. ಕಚೇರಿಯ ದಾರಿ ಹಿಡಿದರೆ ಅವರೇ ಮಾಡಿಕೊಂಡದ್ದು.

ಇಂಥಲ್ಲಿ ಕೇಳಬೇಕಾದದ್ದು ಎರಡು. ಬೇಡ ಎಂದವಳಿಗೆ ಏನು ಬೆಲೆ ತಗಲುತ್ತದೆ? ಕಾರಣಗಳು ಬದಲಾದಾಗ ನಡವಳಿಕೆ ಬದಲಾಗುತ್ತದೆಯೇ? ನಾನೇ ಇಷ್ಟಪಟ್ಟು ಹೊರಗಿರುತ್ತೇನೆ ಎನ್ನುವ ಹೆಂಗಸು ಸುಳ್ಳು ಹೇಳುತ್ತಿಲ್ಲ. ಆದರೆ ಹಟ್ಟಿಗೆ ಕೇಡಾದರೆ ಎಲ್ಲರೂ ತನ್ನ ಕಡೆ ಬೆರಳು ತೋರುತ್ತಾರೆಂದು ಗೊತ್ತಿದ್ದಾಗ ಆ ಇಷ್ಟಕ್ಕೆ ಎದುರು ಆಯ್ಕೆಯೇ ಇಲ್ಲ. ಎರಡನೇ ಪ್ರಶ್ನೆಗೆ ಉತ್ತರ ಹಟ್ಟಿಗಳಲ್ಲೇ ಇದೆ. ಹೆರಿಗೆ ಆಸ್ಪತ್ರೆಗೆ ಬಂದಿದೆ, ಹೊರಗಿನ ಗುಡಿಸಲು ಕೆಲವೆಡೆ ಕಟ್ಟಡವಾಗಿದೆ, ಓದಿದ ಹುಡುಗಿಯರಿರುವ ಮನೆಗಳಲ್ಲಿ ಕಟ್ಟಳೆ ಸಡಿಲವಾಗಿದೆ. ದೇವರ ಕಟ್ಟು ಮೀರಲಾಗದು ಎನ್ನುವ ಯಜಮಾನರೇ ಇವುಗಳಲ್ಲಿ ಯಾವುದಕ್ಕೆ ಹೂಂ, ಯಾವುದಕ್ಕೆ ಊಹೂಂ ಎಂದು ಕೂತು ತೀರ್ಮಾನಿಸಿದ್ದಾರೆ. ಹಾಗಿದ್ದ ಮೇಲೆ ಕಾಯ್ದೆಯ ತಿಳಿವಳಿಕೆ ಸಭೆಗಳಿಗೆ ಹೆಂಗಸರನ್ನಷ್ಟೇ ಕರೆದು ಕೂರಿಸುವುದರಿಂದ ಪ್ರಯೋಜನ ಕಡಿಮೆ. ನೋಟಿಸು ಹೋಗಬೇಕಾದದ್ದು ಹಟ್ಟಿಯ ಯಜಮಾನರಿಗೆ ಮತ್ತು ಪೂಜಾರಿಗೆ.